ಎಡು ಬೆಡಿಯಾ ಗೋಲು ಹೊಡೆದದ್ದು ಕಡಿಮೆ, ಆದರೂ ಗೋವಾದವರಿಗೆ ಅವನ ಮೇಲೆ ಯಾಕೆ ಅಷ್ಟು ಪ್ರೀತಿ?

ವಾಸ್ಕೋ ಅಪ್ಪ:
ನಮಸ್ಕಾರ ಎಲ್ಲರಿಗೂ. ನಮ್ಮದು ಹಾವೇರಿ ಕಡೆ. ಈಗ ವಾಸ್ಕೋ ಹತ್ತಿರ ಝುವಾರಿನಗರದಲ್ಲಿ ಇದ್ದೇವೆ. ಮಗನಿಗೆ ಹದಿನಾಲ್ಕು ವರ್ಷ, ಫುಟ್‌ಬಾಲ್ ಹುಚ್ಚು. ಕೋಚ್ ಅವನನ್ನು ಮಿಡ್‌ಫೀಲ್ಡ್ (ಮೈದಾನದ ನಡುಭಾಗ) ಬಿಟ್ಟು ಬೇರೆ ಕಡೆ ನಿಲ್ಲಿಸೋದಿಲ್ಲ. ಊರಿಗೆ ಹೋದರೆ ನಮ್ಮ ಮಾವನವರ ಮೊದಲ ಪ್ರಶ್ನೆ, "ಎಷ್ಟ ಗೋಲು ಹೊಡದಿ?" ಹುಡುಗ ಸುಮ್ನೆ ಎದ್ದು ಹೊರಗೆ ಹೋಗುತ್ತಾನೆ.

ಅವನ ಕೋಣೆಯಲ್ಲಿ ಎಫ್‌ಸಿ ಗೋವಾ ಕ್ಲಬ್‌ಗೆ ಆಡಿದ ಮಿಡ್‌ಫೀಲ್ಡರ್ ಎಡು ಬೆಡಿಯಾ ಫೋಟೋ ಇದೆ. ನಾನು ಅಂಕಿಅಂಶ ತೆಗೆದು ನೋಡಿದೆ, ಗೋಲು ಅಷ್ಟೇನೂ ಇಲ್ಲ. ನಾನು ಕಬಡ್ಡಿ ನೋಡಿ ಬೆಳೆದವನು, ಫುಟ್‌ಬಾಲ್ ಒಳಗಿನ ವಿಷಯ ತಿಳಿಯೋದಿಲ್ಲ. ಈ ಸ್ಪೇನ್ ಮನುಷ್ಯ ನಿಜವಾಗಿ ಏನು ಮಾಡುತ್ತಿದ್ದ? ಮಗನನ್ನು ಸ್ಟ್ರೈಕರ್ ಮಾಡಿ ಅಂತ ಕೋಚ್‌ಗೆ ಹೇಳಲಾ?

ಫತೋರ್ಡಾ ಗ್ಯಾಲರಿ:
ಅಣ್ಣಾ, ಕೋಚ್‌ಗೆ ಏನೂ ಹೇಳಬೇಡಿ, ಮೊದಲು ಇದನ್ನು ಓದಿ. ನಂದು ಮಡಗಾಂವದಲ್ಲಿ ಪೇಂಟ್ ಅಂಗಡಿ. ಮ್ಯಾಚ್ ಇದ್ದ ದಿನ ಸಂಜೆ ಶಟರ್ ಬೇಗ ಇಳಿಸಿ ಗೋವಾ ತಂಡ ಆಡುವ ಫತೋರ್ಡಾ ಸ್ಟೇಡಿಯಂಗೆ ಹೋಗುತ್ತಿದ್ದೆ. ಹೆಂಡತಿಯ ಹತ್ತಿರ ಇದಕ್ಕೆ ಎಷ್ಟು ಬೈಸಿಕೊಂಡಿದ್ದೇನೆ ಅಂತ ಕೇಳಬೇಡಿ.

ಬೆಡಿಯಾ ಹುಟ್ಟಿದ್ದು 1989ರಲ್ಲಿ, ಉತ್ತರ ಸ್ಪೇನಿನ ಸಾಂತಾಂದೇರ್‌ನಲ್ಲಿ. ಅಲ್ಲಿನ ರೇಸಿಂಗ್ ಕ್ಲಬ್‌ನಲ್ಲೇ ಬೆಳೆದ. ಆಮೇಲೆ ಬಾರ್ಸಿಲೋನಾ ಬಿ, ಒವಿಯೆಡೊ, ಸರಗೋಸಾ. "ಬಾರ್ಸಿಲೋನಾ ಆಟಗಾರ" ಅಂತ ಇಲ್ಲಿ ಎಷ್ಟೋ ಜನ ಕೊಚ್ಚಿಕೊಳ್ಳುತ್ತಾರೆ. ಅದು ಅವರ ಎರಡನೇ ತಂಡ, ಮೆಸ್ಸಿ ಪಕ್ಕ ಆಡಿದವನಲ್ಲ. 2017ರಲ್ಲಿ ಗೋವಾಕ್ಕೆ ಬಂದ, 2023ರವರೆಗೂ ಇಲ್ಲೇ ಇದ್ದ. ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಪರದೇಶದವರು ಒಂದೆರಡು ಸೀಸನ್ ಆಡಿ ಗಂಟು ಕಟ್ಟುತ್ತಾರೆ. ಇವನು ಹಾಗೆ ಮಾಡಲಿಲ್ಲ.

ಆಗ ಕೋಚ್ ಸೆರ್ಜಿಯೊ ಲೊಬೆರಾ. ಮುಂದೆ ಗೋಲು ಹೊಡೆಯೋದಕ್ಕೆ ಸ್ಪೇನಿನ ಕೊರೊ ಇದ್ದ. 57 ಪಂದ್ಯಕ್ಕೆ 48 ಗೋಲು, ಎಲ್ಲರ ಕಣ್ಣೂ ಅವನ ಮೇಲೆ. ಹಿಂದೆ ಅಹ್ಮದ್ ಜಾಹೂ ಚೆಂಡು ಕಿತ್ತುಕೊಳ್ಳೋದಕ್ಕೆ. ಇವರಿಬ್ಬರ ನಡುವೆ ಬೆಡಿಯಾ.

ನಾನು ಒಂದು ಮ್ಯಾಚಿನಲ್ಲಿ ಚೆಂಡು ನೋಡೋದು ಬಿಟ್ಟು ಇವನೊಬ್ಬನನ್ನೇ ನೋಡುತ್ತಾ ಕೂತೆ. ಚೆಂಡು ತನ್ನ ಕಡೆ ಬರೋದಕ್ಕೆ ಮುಂಚೆ ಕುತ್ತಿಗೆ ತಿರುಗಿಸಿ ಹೆಗಲ ಹಿಂದೆ ನೋಡುತ್ತಿದ್ದ. ಮತ್ತೊಮ್ಮೆ ನೋಡುತ್ತಿದ್ದ. ಎದೆ ಪೂರ್ತಿ ಚೆಂಡಿನ ಕಡೆ ಇಡದೆ ಅರ್ಧ ಓರೆಯಾಗಿ ನಿಲ್ಲುತ್ತಿದ್ದ. ಹಾಗಾಗಿ ಮೊದಲ ಟಚ್‌ಗೇ ಮೈ ಎದುರಾಳಿ ಗೋಲಿನ ಕಡೆ ತಿರುಗಿರುತ್ತಿತ್ತು. ಹಿಂದಿನಿಂದ ಎದುರಾಳಿ ಹುಡುಗ ಓಡಿ ಬಂದು ಕಾಲು ಹಾಕುವಷ್ಟರಲ್ಲಿ ಚೆಂಡು ಅಲ್ಲಿರುತ್ತಿರಲಿಲ್ಲ. ಸಂತೆಯಲ್ಲಿ ಗಿರಾಕಿ ಬಾಯಿ ತೆಗೆಯೋದರೊಳಗೆ ತೂಕ ಹಾಕಿಟ್ಟಿರುವ ವ್ಯಾಪಾರಿ ಇದ್ದ ಹಾಗೆ. ಇದು ಯಾವ ಅಂಕಿಅಂಶದಲ್ಲೂ ಸಿಗಲ್ಲ ಅಣ್ಣಾ.

ಬೆಂಗಳೂರು ನೀಲಿ:
ಗ್ಯಾಲರಿ ಅವರೇ, ಎಲ್ಲಾ ಹೇಳಿದ್ರಿ, 2019ರ ಮಾರ್ಚ್ 17 ಮರೆತ್ರಾ? ಮುಂಬೈನಲ್ಲಿ ಗೋವಾ ವಿರುದ್ಧ ಐಎಸ್‌ಎಲ್ ಫೈನಲ್, ಹೆಚ್ಚುವರಿ ಆಟದ 117ನೇ ನಿಮಿಷ, ನಮ್ಮ ಬೆಂಗಳೂರಿನ ರಾಹುಲ್ ಭೇಕೆ ಗೋಲು. ಕನ್ನಡದವರಾಗಿ ಗೋವಾ ಪರ ಕೂಗಿದ್ದಕ್ಕೆ ಶಿಕ್ಷೆ ಅದು 😄

ತಮಾಷೆ ಬಿಡಿ. ನನಗೆ ಬೆಡಿಯಾ ನಿಧಾನ ಅನಿಸುತ್ತಿತ್ತು. ಗೋವಾ ಚೆಂಡು ಕಳೆದುಕೊಂಡರೆ ವಾಪಸ್ ಓಡಿ ಬರೋದು ಕಷ್ಟ ಅವನಿಗೆ. ನಮ್ಮವರು ಅಲ್ಲೇ ಹೊಡೀತಿದ್ದದ್ದು.

ಫತೋರ್ಡಾ ಗ್ಯಾಲರಿ:
ಆ ರಾತ್ರಿ ನಮ್ಮ ತಮ್ಮ ಬೆಂಗಳೂರಿಂದ ಫೋನ್ ಮಾಡಿ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಇರಲಿ. ಜಾಹೂಗೆ ರೆಡ್ ಕಾರ್ಡ್ ಆಗಿ ಹತ್ತೇ ಜನ ಉಳಿದಿದ್ದರು ಅನ್ನೋದನ್ನೂ ಸೇರಿಸಿ.

ವೇಗ ಇರಲಿಲ್ಲ, ಒಪ್ಪಿದೆ. ಆದರೆ 2020ರಲ್ಲಿ ಏನಾಯಿತು ನೋಡಿ. ಆ ಫೆಬ್ರವರಿಯಲ್ಲಿ ಗೋವಾ ಜಮ್ಶೆಡ್‌ಪುರವನ್ನು 5-0ರಲ್ಲಿ ಹೊಡೆದು ಲೀಗ್ ಶೀಲ್ಡ್ (ಲೀಗ್ ಪಟ್ಟಿಯಲ್ಲಿ ಮೊದಲು ಬಂದವರಿಗೆ ಕೊಡೋದು) ಗೆದ್ದಿತು. ಸೀಸನ್ ಮುಗಿದ ಮೇಲೆ ಲೊಬೆರಾ, ಜಾಹೂ, ಬೂಮೂಸ್, ಫಾಲ್ ಎಲ್ಲರೂ ಮುಂಬೈ ಸಿಟಿ ಕ್ಲಬ್‌ಗೆ. ಕೊರೊ ಸ್ಪೇನಿಗೆ ವಾಪಸ್. ಮನೆ ಖಾಲಿ. ಬೆಡಿಯಾ ಹೋಗಲಿಲ್ಲ, ಕ್ಯಾಪ್ಟನ್ ಪಟ್ಟಿ ಕಟ್ಟಿಕೊಂಡ. ಹೊಸ ಕೋಚ್ ಹುವಾನ್ ಫೆರಾಂಡೊ ಕೈಗೆ ಸಿಕ್ಕಿದ್ದು ಬಹುಪಾಲು ಹೊಸ ತಂಡ. ಗೋವಾ ಬಿಟ್ಟು ಹೋದವರು ದೊಡ್ಡ ಆಟಗಾರರೇ, ಇಲ್ಲ ಅನ್ನಲ್ಲ. ಆದರೆ ನಮ್ಮೂರಿನ ಜನರಿಗೆ ಉಳಿದವನೇ ನಮ್ಮವನು.

ಶೀಲ್ಡ್ ಗೆದ್ದಿದ್ದಕ್ಕೆ ಏಷ್ಯಾದ ಕ್ಲಬ್‌ಗಳ ದೊಡ್ಡ ಟೂರ್ನಿ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಗುಂಪು ಹಂತಕ್ಕೆ ಹೋದ ಮೊದಲ ಭಾರತೀಯ ಕ್ಲಬ್ ಗೋವಾ. 2021ರ ಏಪ್ರಿಲ್, ಕೋವಿಡ್ ಕಾಲ. ಪಂದ್ಯಗಳು ನಮ್ಮ ಫತೋರ್ಡಾದಲ್ಲೇ, ಆದರೆ ಒಳಗೆ ಬಿಡಲ್ಲ. ಸ್ಟೇಡಿಯಂ ಲೈಟು ದೂರದಿಂದ ಕಾಣುತ್ತೆ, ನಾನು ಮನೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದೇನೆ. ಹೊಟ್ಟೆ ಉರಿಯಿತು. ಎದುರು ಇರಾನಿನ ಪೆರ್ಸೆಪೊಲಿಸ್, ಹಿಂದಿನ ವರ್ಷದ ಫೈನಲ್ ಆಡಿದ ತಂಡ. ನಮ್ಮ ಬ್ರ್ಯಾಂಡನ್ ಫರ್ನಾಂಡಿಸ್ ಫ್ರೀ ಕಿಕ್ ಎತ್ತಿದ, ಬೆಡಿಯಾ ತಲೆ ಕೊಟ್ಟ, ಗೋಲು! ಆ ಟೂರ್ನಿಯ ಗುಂಪು ಹಂತದಲ್ಲಿ ಭಾರತದ ಕ್ಲಬ್ ಒಂದರ ಮೊಟ್ಟಮೊದಲ ಗೋಲು. ಆಮೇಲೆ 2-1ರಲ್ಲಿ ಸೋತೆವು, ಆದರೆ ಆ ನಾಲ್ಕೈದು ನಿಮಿಷ ಗೋವಾ ಮುಂದಿತ್ತು, ಅಷ್ಟು ಸಾಕಿತ್ತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಕೋಲ್ಕತ್ತಾದಲ್ಲಿ ಡುರಾಂಡ್ ಕಪ್ ಫೈನಲ್. ಎದುರು ಅಲ್ಲಿನದೇ ಮೊಹಮ್ಮಡನ್ ಸ್ಪೋರ್ಟಿಂಗ್, ಸುತ್ತ ಅವರ ತವರಿನ ಜನ. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದಲ್ಲಿ, 105ನೇ ನಿಮಿಷಕ್ಕೆ ಬೆಡಿಯಾ ಫ್ರೀ ಕಿಕ್, 1-0. ಗೋವಾಗೆ ಮೊದಲ ಡುರಾಂಡ್. ಕಡಿಮೆ ಹೊಡೆದ, ಆದರೆ ಯಾವಾಗ ಹೊಡೆದ ನೋಡಿ.

ಪೋಂಡಾ ಪಾಟೀಲ:
ವಾಸ್ಕೋ ಅಪ್ಪ, ಒಂದು ಮಾತು. ಹೈಲೈಟ್ಸ್ ತೋರಿಸಬೇಡಿ ಮಗನಿಗೆ. ಅದರಲ್ಲಿ ಗೋಲು ಮಾತ್ರ ಇರುತ್ತೆ, ಮಿಡ್‌ಫೀಲ್ಡರ್ ಮಾಡಿದ ಕೆಲಸ ಎಲ್ಲಾ ಕತ್ತರಿಸಿ ಹಾಕಿರ್ತಾರೆ. ಇಡೀ ಪಂದ್ಯ ಸಿಕ್ಕರೆ ಅದನ್ನೇ ಹಾಕಿ. ಇನ್ನೊಂದು, ಗ್ಯಾಲರಿ ಹೇಳಿದ ಹೆಗಲ ಹಿಂದೆ ನೋಡೋ ಅಭ್ಯಾಸ ಮನೆ ಅಂಗಳದಲ್ಲೇ ಕಲಿಸಬಹುದು. ನಾನು ನನ್ನ ಅಕ್ಕನ ಮಗನಿಗೆ ಚೆಂಡು ಒದ್ದು, ಅದು ತಲುಪೋದರೊಳಗೆ ಅವನ ಹಿಂದೆ ನಿಂತವರು ಎಷ್ಟು ಬೆರಳು ಎತ್ತಿದ್ದಾರೆ ಅಂತ ಕೂಗಿ ಹೇಳು ಅಂತೀನಿ. ಮೊದಮೊದಲು ಚೆಂಡು ಮೊಣಕಾಲಿಗೆ ಬಡಿದು ಚರಂಡಿಗೆ ಹೋಗುತ್ತಿತ್ತು. ಈಗ ಪರವಾಗಿಲ್ಲ.

ವಾಸ್ಕೋ ಅಪ್ಪ:
ಎಲ್ಲರಿಗೂ ಥ್ಯಾಂಕ್ಸ್. ಕೋಚ್ ಹತ್ತಿರ ಮಾತಾಡೋದು ಬಿಟ್ಟೆ. ಬೆರಳಿನ ಆಟ ಇವತ್ತೇ ಶುರು ಮಾಡಿದೆವು, ಅವರಮ್ಮನೇ ಹಿಂದೆ ನಿಂತಿದ್ದು. ಮಾವನವರಿಗೆ ಏನು ಹೇಳಬೇಕೋ ಅದೊಂದು ಗೊತ್ತಾಗ್ತಿಲ್ಲ. ಗ್ಯಾಲರಿ ಅಣ್ಣಾ, ಮುಂದಿನ ಹೋಮ್ ಮ್ಯಾಚಿಗೆ ಮಗನನ್ನು ಕರೆತರಬೇಕು ಅಂತಿದ್ದೇನೆ, ಎಲ್ಲಿ ಕೂತರೆ ಚೆನ್ನ?

ಫತೋರ್ಡಾ ಗ್ಯಾಲರಿ:
ಗೋಲಿನ ಹಿಂದೆ ಬೇಡ, ಮೈದಾನದ ಉದ್ದದ ಬದಿಯಲ್ಲಿ ಆದಷ್ಟು ಮೇಲಿನ ಸಾಲು ಹಿಡಿಯಿರಿ. ಮಿಡ್‌ಫೀಲ್ಡ್ ಪೂರ್ತಿ ಕಾಣುತ್ತೆ. ಮ್ಯಾಚ್ ಮುಗಿಯೋದು ರಾತ್ರಿ ಆಗುತ್ತೆ, ವಾಸ್ಕೋಗೆ ಬಸ್ ನಂಬಬೇಡಿ, ಗಾಡಿ ತನ್ನಿ. ಮಾವನವರು ಊರಿಂದ ಬಂದಿದ್ದರೆ ಅವರನ್ನೂ ಕೂರಿಸಿಕೊಂಡು ಬನ್ನಿ, ಪಕ್ಕದಲ್ಲಿ ಕೂತು ವಿವರಿಸೋದು ನನ್ನ ಜವಾಬ್ದಾರಿ.