ಸಹಾಯ ಬೇಕು: ಇದು ಹೋಮೋಫೋನಿನಾ, ಪಾಲಿಫೋನಿನಾ?

ಬಟ್ಟೆಯಲ್ಲಿ ಟೆಕ್ಸ್ಚರ್ ಅಂದರೆ ಕೈಗೆ ತಾಗುವ ಒರಟು-ನುಣುಪು. ಸಂಗೀತದಲ್ಲಿ, ಒಟ್ಟಿಗೆ ಕೇಳಿಸುವ ಎಳೆಗಳೆಷ್ಟು, ಅವು ಹೇಗೆ ಹೆಣೆದುಕೊಂಡಿವೆ ಅನ್ನೋದು. ಒಂದು ಮೆಲೊಡಿ ಮುಂದಿದ್ದು ಉಳಿದದ್ದು ಅದಕ್ಕೆ ಆಸರೆಯಾದರೆ ಹೋಮೋಫೋನಿ; ಹಲವು ಎಳೆಗಳು ಸಮಾನ ತೂಕದಲ್ಲಿ ಸ್ವತಂತ್ರವಾಗಿ ಸಾಗಿದರೆ ಪಾಲಿಫೋನಿ. (ನಾದದ ಬಣ್ಣ ಬೇರೆ, ಅದು ಟಿಂಬರ್. ಎರಡನ್ನೂ ಕಲಸಬೇಡಿ.)

16 ಬಾರ್‌ಗಳ ಪಿಯಾನೋ ತುಣುಕೊಂದಿದೆ (ಬಾರ್ ಅಂದರೆ ನಿಗದಿತ ಬೀಟ್‌ಗಳ ಒಂದು ಖಂಡ). ಮೊದಲ 8ರಲ್ಲಿ ಬಲಗೈಗೆ ಮೆಲೊಡಿ, ಎಡಗೈಗೆ ಬಿಡಿಸಿ ನುಡಿಸುವ ಕಾರ್ಡ್ (ಸ್ವರಗಳ ಗುಂಪು): ಹೋಮೋಫೋನಿ, ಅನುಮಾನವೇ ಇಲ್ಲ. 9ರಿಂದ ನಡುವೆ ಇನ್ನೊಂದು ಎಳೆ ಶುರು. ಮೇಲಿನದು ಏರಿದರೆ ಇದು ಇಳಿಯುತ್ತೆ, ಅದು ನಿಂತರೆ ಇದು ಓಡುತ್ತೆ. ಬಿಡಿಯಾಗಿ ನುಡಿಸಿ ನೋಡಿದೆ, ಒಂಟಿಯಾಗೂ ಹಾಡಬಹುದು. ಆದರೆ ಇದನ್ನು ತೆಗೆದರೂ ತುಣುಕು ಗಟ್ಟಿಯಾಗೇ ನಿಲ್ಲುತ್ತೆ, ಮೇಲಿನದನ್ನು ತೆಗೆದರೆ ಕುಸಿಯುತ್ತೆ. ಸಿಕ್ಕಿಕೊಂಡಿರೋದು ಇಲ್ಲೇ.

9ನೇ ಬಾರ್‌ನಿಂದ ಇದನ್ನು ಪಾಲಿಫೋನಿ ಅನ್ನಬೇಕಾ, ಇಲ್ಲಾ ಕೌಂಟರ್‌ಮೆಲೊಡಿ (ಮುಖ್ಯ ಮೆಲೊಡಿಗೆ ಜೊತೆಯಾಗುವ ಎರಡನೇ ಮೆಲೊಡಿ) ಸೇರಿದ ಹೋಮೋಫೋನಿ ಅನ್ನಬೇಕಾ? ನೀವು ಯಾವುದನ್ನು ನೋಡಿ ತೀರ್ಮಾನಿಸ್ತೀರಿ?