ಮಳೆಕಾಡು ಕಡಿದ ನೆಲದಲ್ಲಿ ಬೆಳೆ ಯಾಕೆ ನಿಲ್ಲುವುದಿಲ್ಲ?

ಹಸಿರುಗೆರೆ:
ಅಮೆಜಾನಿನಲ್ಲಿ ಮರಗಳು 40 ಮೀಟರ್ ಎತ್ತರಕ್ಕೆ ಬೆಳೆಯುತ್ತವೆ. ಅದೇ ನೆಲವನ್ನು ಕಡಿದು ಸುಟ್ಟು ಬಿತ್ತಿದರೆ ಎರಡು-ಮೂರು ವರ್ಷದಲ್ಲಿ ಇಳುವರಿ ಕುಸಿಯುತ್ತದಂತೆ. ಅಷ್ಟು ದೊಡ್ಡ ಮರಕ್ಕೆ ಸಾಕಾದ ಸಾರ ಜೋಳಕ್ಕೆ ಸಾಲದೇ? ಹಾಗೇ ಬಿಟ್ಟರೆ ಕಾಡು ಮರಳಿ ಬರುತ್ತದೆಯೇ?

ಕೆಮ್ಮಣ್ಣು:
ಸಾರ ಇರುವುದು ಹೆಚ್ಚಾಗಿ ಮರಗಳಲ್ಲಿ, ಮಣ್ಣಿನಲ್ಲಲ್ಲ. ಅಲ್ಲಿನ ಬಹುಪಾಲು ಮಣ್ಣು ಲಕ್ಷಾಂತರ ವರ್ಷ ಮಳೆಗೆ ಸಿಕ್ಕಿದ್ದು. ಕ್ಯಾಲ್ಸಿಯಂ, ಪೊಟ್ಯಾಷಿಯಂ ಬಸಿದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡ್‌ಗಳು ಉಳಿದಿವೆ. ಉದುರಿದ ಎಲೆ ಬಿಸಿಲು-ತೇವಕ್ಕೆ ಬೇಗ ಕೊಳೆಯುತ್ತದೆ. ಅದರಿಂದ ಬಿಡುಗಡೆಯಾದ ಪೋಷಕಾಂಶವನ್ನು ನೀರು ಕೆಳಗೆ ಒಯ್ಯುವ ಮುನ್ನವೇ ಮೇಲ್ಪದರದ ಬೇರುಗಳೂ ಅವುಗಳಿಗೆ ಅಂಟಿಕೊಂಡ ಶಿಲೀಂಧ್ರಗಳೂ ಹೀರಿಕೊಳ್ಳುತ್ತವೆ. ಸೋರಿಹೋದ ರಂಜಕದ ಒಂದು ಭಾಗವನ್ನು ತುಂಬಿಕೊಡುವುದು ಸಹಾರಾದಿಂದ ಗಾಳಿಯಲ್ಲಿ ಬರುವ ಧೂಳು, ವರ್ಷಕ್ಕೆ ಸುಮಾರು 22,000 ಟನ್ ರಂಜಕ ಎಂಬ ಅಂದಾಜಿದೆ.

ಬೆಂಕಿ ಹಾಕಿದರೆ ಸಾರಜನಕ, ಗಂಧಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಬೂದಿ ಮಣ್ಣಿನ ಹುಳಿಯನ್ನು ತಗ್ಗಿಸುವುದರಿಂದ ಮೊದಲ ಬೆಳೆ ಚೆನ್ನಾಗಿ ಬರುತ್ತದೆ, ಜನ ಮೋಸಹೋಗುವುದೇ ಇಲ್ಲಿ. ಮಳೆ ಬೂದಿಯನ್ನು ತೊಳೆದಂತೆ ಹುಳಿ ಮರಳುತ್ತದೆ. ಆಗ ಕರಗುವ ಅಲ್ಯೂಮಿನಿಯಂ ಬೇರಿನ ತುದಿಯನ್ನು ಕೆಡಿಸುತ್ತದೆ, ಉಳಿದ ರಂಜಕವನ್ನು ಆಕ್ಸೈಡ್‌ಗಳು ಬೇರಿಗೆ ಸಿಗದಂತೆ ಹಿಡಿದಿಡುತ್ತವೆ. ಜೊತೆಗೆ ಕಳೆ ನುಗ್ಗುತ್ತದೆ.

ನದೀಮುಖ:
ಒಂದು ತಿದ್ದುಪಡಿ. ಎಲ್ಲಾ ಮಳೆಕಾಡಿನ ನೆಲವೂ ಬಡ ನೆಲವಲ್ಲ. ಜಾವಾದ ಜ್ವಾಲಾಮುಖಿ ಮಣ್ಣು ಫಲವತ್ತಾದದ್ದು. ಅಮೆಜಾನಿನಲ್ಲೇ ಹಳೆಯ ಜನವಸತಿಗಳಿದ್ದಲ್ಲಿ ಇದ್ದಿಲು, ಮೂಳೆ, ಮಡಕೆಚೂರು ಬೆರೆತ ‘ಟೆರ್ರಾ ಪ್ರೆಟಾ’ ಎಂಬ ಕಪ್ಪು ಮಣ್ಣಿದೆ. ಬ್ರೆಜಿಲಿನ ಮಾತೊ ಗ್ರೊಸೊ ರಾಜ್ಯದಲ್ಲಿ ಸುಣ್ಣ, ರಂಜಕ ಗೊಬ್ಬರ ಸುರಿದು ಸೋಯಾ ಬೆಳೆಯುತ್ತಾರೆ. ಆ ಖರ್ಚು ಸಣ್ಣ ರೈತನ ಕೈಗೆಟುಕುವುದಿಲ್ಲ, ಹಾಗಾಗಿ ಅವನು ಮುಂದಿನ ತುಂಡು ಕಾಡು ಕಡಿಯುತ್ತಾನೆ, ಬಿಟ್ಟ ನೆಲ ದನದ ಹುಲ್ಲುಗಾವಲಾಗುತ್ತದೆ. ಬ್ರೆಜಿಲಿನ ಅಮೆಜಾನಿನಲ್ಲಿ ಕಡಿದ ನೆಲದ ಬಹುಪಾಲು ಈಗ ಹುಲ್ಲುಗಾವಲೇ. ಇಷ್ಟಕ್ಕೂ ಮೊದಲು ಬರುವುದು ರಸ್ತೆ: ಬ್ರೆಜಿಲಿನ ರೊಂಡೋನಿಯಾ ರಾಜ್ಯದ ಬಿಆರ್-364 ಹೆದ್ದಾರಿಯ ಇಕ್ಕೆಲದ ಕವಲುರಸ್ತೆಗಳುದ್ದಕ್ಕೂ ಕಾಡು ಮೀನಿನ ಮುಳ್ಳಿನಾಕಾರದಲ್ಲಿ ಬೋಳಾಗಿರುವುದು ಉಪಗ್ರಹ ಚಿತ್ರಗಳಲ್ಲಿ ಕಾಣುತ್ತದೆ.

ಹಸಿರುಗೆರೆ:
ಹುಲ್ಲುಗಾವಲಾದದ್ದನ್ನು ಬಿಟ್ಟುಬಿಟ್ಟರೆ?

ಬೀಜಚೀಲ:
ನೆಲಕ್ಕೆ ಎಷ್ಟು ಸಲ ಬೆಂಕಿ ಬಿದ್ದಿದೆ ಎಂಬುದೇ ಮುಖ್ಯ. ಕಡಿದು ಸುಡದೆ ಬಿಟ್ಟಲ್ಲಿ ಬೇಗ ಬೆಳೆಯುವ ಸೆಕ್ರೋಪಿಯಾ ಮರ ಮೊದಲು ಏಳುತ್ತದೆ, ಅದರ ನೆರಳಲ್ಲಿ ಬೇರೆ ಜಾತಿಗಳು ಬರುತ್ತವೆ. ಮತ್ತೆ ಮತ್ತೆ ಸುಟ್ಟು ದನ ಮೇಯಿಸಿದಲ್ಲಿ ವಿಸ್ಮಿಯಾ ಎಂಬ ಸಣ್ಣ ಮರ ಬೇರಿನಿಂದಲೇ ಚಿಗುರಿ ದಶಕಗಳ ಕಾಲ ಜಾಗ ಬಿಡುವುದಿಲ್ಲ.

ಬೀಜದ್ದು ಇನ್ನೂ ದೊಡ್ಡ ತೊಡಕು. ಹಳೆಕಾಡಿನ ಅನೇಕ ಮರಗಳ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುವುದಿಲ್ಲ, ಕೆಲವೇ ವಾರದಲ್ಲಿ ಮೊಳೆಯಬೇಕು ಅಥವಾ ಸಾಯಬೇಕು. ದೊಡ್ಡ ಬೀಜವನ್ನು ಹೊರುವ ಪ್ರಾಣಿಗಳು ಬಯಲು ದಾಟುವುದಿಲ್ಲ. ಬ್ರೆಜಿಲ್ ನಟ್ಟಿನ ಗಟ್ಟಿ ಕಾಯಿಯನ್ನು ಕಡಿದು ಬೀಜ ಹೂತಿಡುವ ಅಗೌಟಿ ಎಂಬ ಇಲಿಜಾತಿಯ ಪ್ರಾಣಿ ಇಲ್ಲದಿದ್ದರೆ ಆ ಮರ ಹರಡುವುದೇ ಕಷ್ಟ. ಹತ್ತಿರ ಹಳೆಕಾಡಿದ್ದು ಮಣ್ಣು ತೀರಾ ಕೆಡದಿದ್ದರೆ ಮಣ್ಣಿನ ಗುಣ ಸುಮಾರು 10 ವರ್ಷದಲ್ಲಿ ಚೇತರಿಸಿಕೊಳ್ಳುತ್ತದೆ. ಮರಗಳ ಒಟ್ಟು ತೂಕ, ಮೂಲ ಜಾತಿಗಳ ಮಿಶ್ರಣ ಮರಳಲು 120 ವರ್ಷ ಮೀರುತ್ತದೆ.

ಕೆಲಸಕ್ಕೆ ಇಳಿಯುವವರು ಮೊದಲು ಬೆಂಕಿರೇಖೆ (ಬೆಂಕಿ ದಾಟದಂತೆ ಹುಲ್ಲು-ಪೊದೆ ಸವರಿದ ಪಟ್ಟಿ) ಮಾಡಲಿ. ಒಂದು ಬೆಂಕಿ ಐದು ವರ್ಷದ ಚಿಗುರನ್ನು ತಿಂದುಹಾಕುತ್ತದೆ. ಆಮೇಲೆ ದನ ಹೊರಗಿಡಿ, ತಾನಾಗಿ ಹುಟ್ಟಿದ ಸಸಿಗಳಿಗೆ ಗೂಟ ನೆಟ್ಟು ಗುರುತಿಸಿ, ಸುತ್ತ ಅರ್ಧ ಮೀಟರ್ ಹುಲ್ಲು ಕೀಳಿ. ಆಗ್ನೇಯ ಏಷ್ಯಾದಂತೆ ಎತ್ತರದ ಇಂಪರಾಟಾ ಹುಲ್ಲಿರುವಲ್ಲಿ ಕತ್ತರಿಸಬೇಡಿ, ಹಲಗೆಯಿಂದ ತುಳಿದು ಮಲಗಿಸಿ. ಕತ್ತರಿಸಿದರೆ ಬೇಗ ಚಿಗುರುತ್ತದೆ. ತಾನಾಗಿ ಬಾರದ, ದೊಡ್ಡ ಬೀಜದ ಜಾತಿಗಳನ್ನು ಮಾತ್ರ ನೆಡಿ, ಅದೂ ನೆರಳು ಕೂಡಿದ ಮೇಲೆ.

ಮಂಜುಮೋಡ:
ಮಳೆಯನ್ನು ಯಾರೂ ಹೇಳಲಿಲ್ಲ. ಅಮೆಜಾನಿನ ಮಳೆಯ ದೊಡ್ಡ ಪಾಲು ಮರಗಳೇ ಆವಿಯಾಗಿ ಬಿಟ್ಟ ನೀರು, ಇದನ್ನು 1970ರ ದಶಕದಲ್ಲಿ ಬ್ರೆಜಿಲಿನ ವಿಜ್ಞಾನಿ ಎನೆಯಾಸ್ ಸಲಾತಿ ಮಳೆನೀರಿನ ಆಮ್ಲಜನಕ ಐಸೊಟೋಪ್‌ಗಳಿಂದ (ತೂಕ ಬೇರೆಯಾದ ಆಮ್ಲಜನಕದ ಪರಮಾಣುಗಳಿಂದ) ತೋರಿಸಿದರು. ಗಾಳಿ ಆ ಆವಿಯನ್ನು ಪೂರ್ವದಿಂದ ಪಶ್ಚಿಮಕ್ಕೆ ಒಯ್ಯುವುದರಿಂದ ಪೂರ್ವದಲ್ಲಿ ಕಡಿದರೆ ಪಶ್ಚಿಮದ ಮಳೆಯೂ ತಗ್ಗುತ್ತದೆ. ಉಳಿದ ತುಂಡುಕಾಡಿಗೂ ನೆಮ್ಮದಿಯಿಲ್ಲ: ಬ್ರೆಜಿಲಿನ ಮನೌಸ್ ನಗರದ ಬಳಿ 1979ರಿಂದ ನಡೆಯುತ್ತಿರುವ ಪ್ರಯೋಗದಲ್ಲಿ ಅಂಚಿನಿಂದ ಸುಮಾರು 100 ಮೀಟರ್‌ವರೆಗಿನ ದೊಡ್ಡ ಮರಗಳು ಬಿಸಿಗಾಳಿಗೆ ಬೇಗ ಸಾಯುವುದು ಕಂಡಿದೆ. ಹಾಗಾಗಿ ಮರುನೆಡುವವರು ಬಯಲಿನ ನಡುವೆ ಶುರುಮಾಡದೆ ಹಳೆಕಾಡಿನ ಅಂಚಿಗೆ ತಾಗಿಕೊಂಡೇ ನೆಡಬೇಕು. ಅಲ್ಲಿ ಬೀಜವೂ ಸಿಗುತ್ತದೆ, ಒಳಗಿನ ಮರಗಳಿಗೆ ಗಾಳಿತಡೆಯೂ ಆಗುತ್ತದೆ.