ದಿನಕ್ಕೆ ಮೂರು ಸಲ ‘ಎಲ್ಲಿಗೆ ಬಂತು?’ ಎನ್ನುವ ಬಾಸ್: ಓದುಗರ ಸ್ಪಂದನ

ಸಮಸ್ಯೆ: ‘ಹೊಸ ಮ್ಯಾನೇಜರ್ ಬಂದು ಎಂಟು ತಿಂಗಳಾಯಿತು. ಕೆಲಸ ಎಲ್ಲಿಗೆ ಬಂತು ಎಂದು ದಿನಕ್ಕೆ ಮೂರು ಸಲ ಕೇಳುತ್ತಾರೆ. ಸೋಮವಾರ ಹೇಳಿದ್ದು ಬುಧವಾರ ಬದಲಾಗುತ್ತದೆ. ಮೀಟಿಂಗ್‌ನಲ್ಲಿ ಎಲ್ಲರೆದುರೇ ತಪ್ಪು ಎತ್ತಿ ಆಡುತ್ತಾರೆ. ಈಗ ಅವರ ಕಣ್ಣಿಗೆ ಬೀಳದ ಹಾಗೆ ಓಡಾಡುತ್ತಿದ್ದೇನೆ.’

*

ಮೊದಲು ಆ ಕಣ್ಣು ತಪ್ಪಿಸುವುದನ್ನು ಬಿಡಿ. ನೀವು ಸುಮ್ಮನಿದ್ದಷ್ಟೂ ಅವರ ಪ್ರಶ್ನೆ ಹೆಚ್ಚುತ್ತದೆ. ಅವರ ಮೇಲೂ ಕೇಳುವವರು ಇದ್ದೇ ಇರುತ್ತಾರೆ. ಅಲ್ಲಿ ಉತ್ತರ ಕೊಡಬೇಕಾದ ಹೊತ್ತಿಗೆ ನಿಮ್ಮ ಕೆಲಸದ ಲೆಕ್ಕ ಕೈಯಲ್ಲಿಲ್ಲದಿದ್ದರೆ ಯಾರಾದರೂ ಚಡಪಡಿಸುತ್ತಾರೆ.

ಅವರು ಯಾವ ಹೊತ್ತಿಗೆ ಕೇಳುತ್ತಾರೆಂದು ಒಂದು ವಾರ ಗುರುತು ಹಾಕಿಕೊಳ್ಳಿ. ಹತ್ತೂವರೆಗೆ ಕೇಳುವವರಾದರೆ ಹತ್ತಕ್ಕೇ ನಾಲ್ಕು ಸಾಲು ಕಳಿಸಿ: ಮುಗಿದದ್ದು, ಇವತ್ತಿನ ಕೆಲಸ, ಎಲ್ಲಿ ಸಿಕ್ಕಿಕೊಂಡಿದೆ, ಅವರಿಂದ ಏನಾಗಬೇಕು. ‘ಕೆಲಸ ನಡೆಯುತ್ತಿದೆ’ ಎಂಬ ಮಾತು ಬೇಡ, ಅದು ಇನ್ನೊಂದು ಪ್ರಶ್ನೆಯನ್ನು ಕರೆತರುತ್ತದೆ. ‘12ರಲ್ಲಿ 7 ಮುಗಿದಿವೆ, ಉಳಿದ 5 ಗುರುವಾರ ಸಂಜೆಗೆ’ ಎನ್ನಿ. ಕೆಲವು ದಿನ ಕಳೆದರೆ ನಾಲ್ಕು ಸಾಲು ಹದಿನಾಲ್ಕಾಗುತ್ತದೆ, ಈ ಪದ್ಧತಿ ಕೆಡುವುದು ಅಲ್ಲೇ. ಉದ್ದವಾದರೆ ಓದುವುದಿಲ್ಲ, ಓದದಿದ್ದರೆ ಮತ್ತೆ ಕೇಳುತ್ತಾರೆ. ಮೂರ್ನಾಲ್ಕು ವಾರದಲ್ಲಿ ಪ್ರಶ್ನೆಗಳು ಕಡಿಮೆಯಾದ ಮೇಲೆ, ವಾರಕ್ಕೆರಡು ಸಲ ಕಳಿಸಿದರೆ ಸಾಕೇ ಎಂದು ಅವರನ್ನೇ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಇನ್ನೊಂದು ಮಾತು. ಮೇಲಿನವರಲ್ಲಿ ಓದಿ ತಿಳಿಯುವವರು, ಕೇಳಿ ತಿಳಿಯುವವರು ಎಂದು ಎರಡು ಬಗೆ ಇದೆಯೆಂದು ಆಡಳಿತ ನಿರ್ವಹಣೆಯ ಚಿಂತಕ ಪೀಟರ್ ಡ್ರಕರ್ ಹೇಳಿದ್ದರು. ನೀವು ಮೇಲ್ ಕಳಿಸಿದ ಮೇಲೂ ಅದರಲ್ಲಿರುವುದನ್ನೇ ಬಾಯಲ್ಲಿ ಕೇಳುತ್ತಿದ್ದರೆ ನಿಮ್ಮವರು ಎರಡನೇ ಬಗೆ. ಅಂಥವರಿಗೆ ಬೆಳಗ್ಗೆ ಎರಡು ನಿಮಿಷ ಎದುರಿಗೆ ನಿಂತು ಹೇಳಿ, ಆಮೇಲೆ ಬರಹ ಕಳಿಸಿ.
– ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬರು

*

ಸೋಮವಾರ–ಬುಧವಾರದ ಗೊಂದಲಕ್ಕೆ ಮದ್ದು ಕೆಲಸ ಒಪ್ಪಿಕೊಳ್ಳುವ ಗಳಿಗೆಯಲ್ಲೇ ಇದೆ. ಮೂರು ಪ್ರಶ್ನೆ ಕೇಳಿ: ಯಾವಾಗ ಬೇಕು, ಯಾರು ನೋಡುತ್ತಾರೆ, ಕರಡು ಸಾಕೋ ಅಂತಿಮ ಪ್ರತಿಯೇ ಬೇಕೋ. ಒಂದು ಗಂಟೆಯೊಳಗೆ ‘ನನಗೆ ಅರ್ಥವಾದದ್ದು ಇಷ್ಟು, ತಪ್ಪಿದ್ದರೆ ತಿದ್ದಿ’ ಎಂದು ಬರೆದು ಕಳಿಸಿ. ಕಾಲು ಭಾಗ ಮುಗಿದಾಗಲೇ ತೋರಿಸಿ. ಆಗ ದಿಕ್ಕು ಬದಲಾದರೆ ಅರ್ಧ ದಿನ ಹೋಗುತ್ತದೆ, ಪೂರ್ತಿ ಮುಗಿಸಿ ತೋರಿಸಿದರೆ ವಾರವೇ ಹೋಗುತ್ತದೆ.

ಹೊಸ ಕೆಲಸ ಬಂದಾಗ ‘ಆಗುವುದಿಲ್ಲ’ ಎನ್ನಬೇಡಿ, ಎಲ್ಲಕ್ಕೂ ‘ಆಯ್ತು ಸರ್’ ಎನ್ನುವುದೂ ಬೇಡ. ಅದು ಇನ್ನೂ ಕೆಟ್ಟದ್ದು. ಕೈಯಲ್ಲಿರುವ ಕೆಲಸಗಳನ್ನೂ ಒಂದೊಂದಕ್ಕೆ ಬೇಕಾದ ಗಂಟೆಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಮುಂದಿಡಿ. ‘ಇದು ಶುಕ್ರವಾರಕ್ಕೆ ಬೇಕಾದರೆ ಇವುಗಳಲ್ಲಿ ಯಾವುದನ್ನು ಮುಂದೂಡಲಿ?’ ಎಂದು ಕೇಳಿ. ಆ ಆಯ್ಕೆ ಅವರದು.
– ಕಚೇರಿ ಆಡಳಿತದ ಅನುಭವವಿರುವ ಓದುಗರು

*

ಮೀಟಿಂಗ್ ವಿಷಯ. ತಪ್ಪು ಅಲ್ಲೇ ಮೊದಲ ಸಲ ಅವರ ಕಣ್ಣಿಗೆ ಬೀಳುತ್ತಿದೆಯೇ, ಗಮನಿಸಿ. ಹಾಗಿದ್ದರೆ ಹಿಂದಿನ ದಿನ ಹತ್ತು ನಿಮಿಷ ಕೇಳಿ ಪಡೆದು, ಅಲ್ಲಿ ತೋರಿಸುವುದನ್ನು ಮೊದಲೇ ತೋರಿಸಿ. ಕೆಟ್ಟ ಸುದ್ದಿಯಿದ್ದರೆ ಅದನ್ನೇ ಮೊದಲು ಹೇಳಿ: ಏನಾಯಿತು, ಎಷ್ಟು ತಡವಾಗುತ್ತದೆ, ಮುಂದಿರುವ ಎರಡು ದಾರಿ ಯಾವುವು, ನಿಮ್ಮ ಮಟ್ಟಿಗೆ ಯಾವುದು ಸರಿ.

ಆದರೂ ಎಲ್ಲರೆದುರು ತಪ್ಪು ಎತ್ತಿ ಆಡಿದರೆ ಅಲ್ಲಿ ವಾದ ಬೇಡ. ಮರುದಿನ ಒಬ್ಬರೇ ಇದ್ದಾಗ ಹೇಳಿ: ‘ನಿನ್ನೆ ನೀವು ಹೇಳಿದ ತಪ್ಪು ನಿಜ, ತಿದ್ದಿದ್ದೇನೆ. ಇಂಥದ್ದನ್ನು ಮೊದಲು ನನಗೊಬ್ಬನಿಗೇ ಹೇಳಿದರೆ ಬೇಗ ಸರಿಮಾಡಲು ಆಗುತ್ತದೆ.’ ‘ನೀವು ಯಾವಾಗಲೂ’ ಎಂದು ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ.
– ತಂಡ ನಡೆಸುವ ಓದುಗಿ

*

ಇಲ್ಲಿಯವರೆಗಿನ ಓದುಗರ ಸಲಹೆಗಳೆಲ್ಲ ಕೆಲಸದ ತಪ್ಪಿನ ಬಗ್ಗೆ ಮಾತಾಡುವ ಬಾಸ್‌ಗೆ ಸರಿ. ನಿಮ್ಮ ರೂಪ, ಮನೆತನ, ಭಾಷೆ ಎತ್ತಿ ಹಂಗಿಸುವವರ ಮುಂದೆ ನಾಲ್ಕು ಸಾಲಿನ ಮೇಲ್‌ನಿಂದ ಏನೂ ಆಗದು, ಅದನ್ನು ನಿಮ್ಮ ತಪ್ಪೆಂದು ಹೊತ್ತುಕೊಳ್ಳಲೂ ಬೇಡಿ. ದಿನಾಂಕ, ಹೊತ್ತು, ಆಡಿದ ಮಾತು ಇದ್ದ ಹಾಗೆಯೇ, ಅಲ್ಲಿದ್ದವರು ಯಾರು – ಇಷ್ಟನ್ನು ಅದೇ ದಿನ ಬರೆದಿಡಿ. ದೂರನ್ನು ಬಾಯಿಮಾತಿನಲ್ಲಿ ಬಿಡದೆ ಎಚ್‌ಆರ್‌ಗೆ ಬರಹದಲ್ಲೇ ಕೊಟ್ಟು, ಅದರ ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.
– ಎಚ್‌ಆರ್ ವಿಭಾಗದ ಓದುಗರು